ಉಬುಂಟು ತನ್ನ ಪ್ಯಾಕೇಜುಗಳನ್ನು ಎಲ್ಲಿಂದ ತರುತ್ತದೆ?

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಇರುವುದು ಉಬುಂಟು. ಅಪ್‌ಡೇಟ್ ಕೊಟ್ಟಾಗ ಪರದೆಯ ಮೇಲೆ ಓಡುವ ಸಂಖ್ಯೆಗಳನ್ನು ನಾವು ಯಾರೂ ಓದುವುದಿಲ್ಲ. ಆದರೆ ಅಕೌಂಟೆನ್ಸಿ ಓದುವವರಿಗೆ ಅವು ಬೇಗ ಅರ್ಥವಾಗುತ್ತವೆ.

ಉಬುಂಟು ಎಲ್ಲ ಪ್ಯಾಕೇಜುಗಳನ್ನೂ ತಾನೇ ಸಿದ್ಧಪಡಿಸುವುದಿಲ್ಲ. ಹೆಚ್ಚಿನವು 1993ರಲ್ಲಿ ಶುರುವಾದ ಡೆಬಿಯನ್ ಎಂಬ ಲಿನಕ್ಸ್‌ನಿಂದ ಬರುತ್ತವೆ. ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜುಗಳು ಮೊದಲು ಸೇರುವ ವಿಭಾಗದ ಹೆಸರು ‘ಸಿಡ್’. ಉಬುಂಟು ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಹೊಸ ಆವೃತ್ತಿ ಹೊರತರುತ್ತದೆ. ಪ್ರತಿ ಆವೃತ್ತಿಯ ಕೆಲಸ ಆರಂಭವಾದಾಗ ಸಿಡ್‌ನಿಂದ ಪ್ಯಾಕೇಜುಗಳು ತಾವಾಗಿಯೇ ಬರುತ್ತವೆ. ಇದೇ ಸಿಂಕ್. ಗೊತ್ತುಪಡಿಸಿದ ದಿನ ಇದು ನಿಲ್ಲುತ್ತದೆ. ಆಮೇಲೆ ಏನಾದರೂ ಬೇಕಿದ್ದರೆ ಕೇಳಿ ತರಿಸಬೇಕು.

ಈಗ ಸಂಖ್ಯೆಗೆ ಬರೋಣ. ಒಂದು ಪ್ಯಾಕೇಜಿನ ಸಂಖ್ಯೆ 2.1-3 ಎಂದುಕೊಳ್ಳಿ. 2.1 ಎಂಬುದು ತಂತ್ರಾಂಶ ಬರೆದವರು ಕೊಟ್ಟದ್ದು. 3 ಎಂದರೆ ಡೆಬಿಯನ್ ಅದನ್ನು ಮೂರನೆಯ ಸಲ ಸಿದ್ಧಪಡಿಸಿದೆ ಎಂದರ್ಥ. ಉಬುಂಟು ಏನನ್ನೂ ಬದಲಿಸದಿದ್ದರೆ ಅದೇ ಸಂಖ್ಯೆ ಉಳಿಯುತ್ತದೆ. ಬದಲಿಸಿದರೆ 2.1-3ಉಬುಂಟು1 ಎಂದಾಗುತ್ತದೆ.

ಈ ಬಾಲ ಇದ್ದರೆ ಯಂತ್ರ ಆ ಪ್ಯಾಕೇಜನ್ನು ಮುಟ್ಟುವುದಿಲ್ಲ. ಡೆಬಿಯನ್ 2.1-4 ತಂದಾಗ ಮನುಷ್ಯರೇ ಕುಳಿತು ಎರಡನ್ನೂ ಹೋಲಿಸಿ ಸೇರಿಸಬೇಕು. ಇದು ಮರ್ಜ್. ನಾವು ಕ್ಯಾಶ್ ಬುಕ್ ಮತ್ತು ಪಾಸ್ ಬುಕ್ ಎದುರಿಗಿಟ್ಟು, ವ್ಯತ್ಯಾಸ ಏಕೆ ಬಂತು ಎಂದು ಹುಡುಕುವ ಹಾಗೆಯೇ. ವ್ಯತ್ಯಾಸ ಹೆಚ್ಚಿದಷ್ಟೂ ಕೆಲಸ ಹೆಚ್ಚು. ಅದಕ್ಕಾಗಿ ಉಬುಂಟುವಿನವರು ತಮ್ಮ ತಿದ್ದುಪಡಿಯನ್ನು ಡೆಬಿಯನ್‌ಗೂ ಕಳುಹಿಸುತ್ತಾರೆ. ಅಲ್ಲಿ ಒಪ್ಪಿಕೊಂಡರೆ ಬಾಲ ಹೋಗಿ ಮತ್ತೆ ಸಿಂಕ್ ಆಗುತ್ತದೆ.

ಮೂಲದಿಂದ ಬಂದದ್ದೆಲ್ಲ ಒಳ್ಳೆಯದೇ? 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಕಳ್ಳದಾರಿ ಇಟ್ಟಿದ್ದು ಪತ್ತೆಯಾಯಿತು. ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಗಮನಿಸಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಅಷ್ಟರಲ್ಲಿ ಅದು ಸಿಡ್‌ಗೆ ಬಂದು, ಅಲ್ಲಿಂದ ಉಬುಂಟುವಿಗೂ ತಲುಪಿತ್ತು. ಆದರೆ ಉಬುಂಟುವಿನಲ್ಲಿ ಹೊಸ ಪ್ಯಾಕೇಜುಗಳು ಮೊದಲು ‘ಪ್ರೊಪೋಸ್ಡ್’ ಎಂಬ ವಿಭಾಗದಲ್ಲಿ ಪರೀಕ್ಷೆಗೆ ನಿಲ್ಲಬೇಕು. ಎಕ್ಸ್‌ಝಡ್ ಅಲ್ಲೇ ಇತ್ತು. ಅದನ್ನು ತೆಗೆದುಹಾಕಿದರು. ಆ ಅವಧಿಯಲ್ಲಿ ತಯಾರಾಗಿದ್ದ ಪ್ಯಾಕೇಜುಗಳನ್ನು ಮತ್ತೆ ತಯಾರಿಸಿದರು. 24.04 ಆವೃತ್ತಿಯ ಬೀಟಾ ಒಂದು ವಾರ ತಡವಾಯಿತು.

ನಕಲು ಮಾಡುವುದು ಯಂತ್ರಕ್ಕೆ ಸುಲಭ. ತಾಳೆ ನೋಡುವ ಕೆಲಸ ಮಾತ್ರ ಇನ್ನೂ ಮನುಷ್ಯರದೇ. ಮುಂದಿನ ಸಲ ಲ್ಯಾಬಿನಲ್ಲಿ ಅಪ್‌ಡೇಟ್ ಓಡುವಾಗ ಸಂಖ್ಯೆಗಳ ಬಾಲ ನೋಡಿ, ಯಾವುದಕ್ಕೆ ಯಾರು ಕೈ ಹಾಕಿದ್ದಾರೆ ಎಂದು ನಿಮಗೇ ತಿಳಿಯುತ್ತದೆ.