ಪಾದಯಾತ್ರೆಯ ದಾರಿಗೂ ಸೇವಕರು ಬೇಕು

ಪ್ರತಿವರ್ಷ ಯುಗಾದಿಯ ಮುಂಚೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸಹಸ್ರಾವಧಿ ಭಕ್ತರು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಕಾಲ್ನಡಿಗೆಯಿಂದ ಹೊರಡುವದು ವಾಚಕರಿಗೆ ವಿದಿತವೇ ಇದೆ. ದಾರಿಯುದ್ದಕ್ಕೂ ಅವರಿಗೆ ನೀರು, ಮಜ್ಜಿಗೆ, ಅನ್ನದಾಸೋಹಗಳನ್ನು ಒದಗಿಸುವ ಪುಣ್ಯವಂತರು ಬಹಳ. ಆದರೆ ಯಾತ್ರಿಕನನ್ನು ಉಪಚರಿಸುವ ನಾವು ಅವನು ತುಳಿಯುವ ದಾರಿಯ ಉಪಚಾರವನ್ನು ಯಾರಿಗೆ ಒಪ್ಪಿಸಿದ್ದೇವೆ?

ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರಗಳನ್ನು ಹಾಯ್ದು ಹೋಗುವ ನಲ್ಲಮಲೆಯ ಕಾಲುದಾರಿ ಬಹು ಪ್ರಾಚೀನವಾದದ್ದು. 14ನೆಯ ಶತಮಾನದಲ್ಲಿ ರೆಡ್ಡಿ ವಂಶದ ದೊರೆ ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ಈಗ ದೊರೆಗಳಿಲ್ಲ, ಪ್ರಜೆಗಳೇ ದೊರೆಗಳು. ಆದ್ದರಿಂದ ಆ ಹೊಣೆಯೂ ಪ್ರಜೆಗಳದೇ.

ಕಾಲುದಾರಿಗೆ ಪರಮ ಶತ್ರು ನೀರು. ತುಳಿದು ತಗ್ಗಾದ ದಾರಿಯಲ್ಲಿ ಮಳೆನೀರು ಹಳ್ಳವಾಗಿ ಹರಿದು ಮಣ್ಣನ್ನು ಒಯ್ಯುವದು, ಕಲ್ಲುಗಳು ಹಲ್ಲು ತೆರೆಯುವವು, ಜನರು ಪಕ್ಕದಲ್ಲಿ ಹೊಸ ದಾರಿ ಮಾಡಿಕೊಳ್ಳುವರು, ಅಡವಿ ಕೆಡುವದು. ಇದಕ್ಕೆ ಉಪಾಯವೆಂದರೆ, ದಾರಿಗೆ ಓರೆಯಾಗಿ ಕಲ್ಲುಗಳನ್ನು ಆಳಕ್ಕೆ ಹುಗಿದು ನೀರನ್ನು ಇಳಿಜಾರಿನ ಕಡೆಗೆ ಹೊರಗೆ ತಿರುವುವದು. ಅದೇ ಕಲ್ಲನ್ನು ನೆಟ್ಟಗೆ ಅಡ್ಡಲಾಗಿ ಇಟ್ಟರೆ ನೀರು ನಿಂತು, ಮೇಲೆ ಹಾರಿ, ಕೆಳಗಿನ ನೆಲವನ್ನೇ ತೋಡುವದು. ಭಕ್ತಿಯೊಂದೇ ಸಾಲದು, ಶಿಕ್ಷಣವೂ ಬೇಕೆನ್ನುವದು ಇದಕ್ಕಾಗಿಯೇ.

ಅಮೇರಿಕೆಯ ಅಪಲೇಚಿಯನ್ ಕಾಲುದಾರಿ 14 ಸಂಸ್ಥಾನಗಳನ್ನು ಹಾಯುವ ಸುಮಾರು 3,500 ಕಿಲೋಮೀಟರಿನ ದಾರಿ. 1925ರಲ್ಲಿ ಅದಕ್ಕಾಗಿ ಸಂಸ್ಥೆ ಹುಟ್ಟಿತು. 1937ರಲ್ಲಿ ದಾರಿ ಪೂರ್ಣವಾಯಿತು. ಇಂದಿಗೂ ಸ್ವಯಂಸೇವಕರ ಸಂಘಗಳು ದಾರಿಯನ್ನು ಪಾಲು ಹಂಚಿಕೊಂಡು ಕಾಯುತ್ತಿವೆ. ಹೊಸಬರಿಗೆ ಹಳಬರು ಕೆಲಸ ಕಲಿಸುತ್ತಾರೆ. ಇದು ನಮಗೆ ಪರಕೀಯವಾದ ವಿದ್ಯೆಯೇನೂ ಅಲ್ಲ. 1923ರಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಸೇವಾದಳವನ್ನು ಕಟ್ಟಿ, ಉತ್ಸಾಹಕ್ಕೆ ಶಿಸ್ತು ಕೂಡಿದರೆ ಏನಾಗಬಲ್ಲದೆಂಬದನ್ನು ದೇಶಕ್ಕೇ ತೋರಿಸಿಕೊಟ್ಟರು.

ಬೆಳವಣಕಿಯಂಥ ಎರೆಸೀಮೆಯ ಊರಿನ ಒಕ್ಕಲಿಗನಿಗೆ ಒಡ್ಡು ಹಾಕುವದನ್ನೂ ನೀರು ತಿರುವುವದನ್ನೂ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಊರಿನ ಹಿರಿಯರು ತರುಣರನ್ನು ಕೂಡಿಸಿ, ಮೊದಲು ತಮ್ಮ ಹೊಲದ ದಾರಿಗಳಲ್ಲಿಯೇ ಗುದ್ದಲಿ, ಸಲಿಕೆ, ಹಾರೆಗಳ ಪಾಠವಾಗಲಿ. ಕೈ ಪಳಗಿದ ಮೇಲೆ, ಮಳೆಗಾಲ ಮುಗಿದು ಯಾತ್ರೆ ಆರಂಭವಾಗುವದರೊಳಗೆ, ಹತ್ತು ಹತ್ತು ಜನರ ತಂಡಗಳು ನಲ್ಲಮಲೆಗೆ ಹೋಗಲಿ. ಅದು ಹುಲಿಗಳ ರಕ್ಷಿತಾರಣ್ಯ. ಆಂಧ್ರದ ಅರಣ್ಯ ಖಾತೆಯ ಅಪ್ಪಣೆಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬಾರದು, ಒಂದು ಟೊಂಗೆಯನ್ನೂ ಕಡಿಯಬಾರದು. ಅಲ್ಲಿನ ಅಧಿಕಾರಿಗಳೊಡನೆ ಮಾತುಕತೆ ನಡೆಸುವದು ನಮ್ಮ ಮಠಗಳ ಹಾಗೂ ಯಾತ್ರಾ ಸಮಿತಿಗಳ ಕರ್ತವ್ಯ.

ದಾಸೋಹದ ಅನ್ನ ಒಂದು ಹೊತ್ತಿನ ಹಸಿವನ್ನು ಕಳೆಯುವದು. ಸರಿಯಾಗಿ ಹುಗಿದ ಒಂದು ಕಲ್ಲು ಹಲವು ಮಳೆಗಾಲ ದಾರಿಯನ್ನು ಕಾಯುವದು. ಕಾಯಕವೇ ಕೈಲಾಸವೆಂದು ನುಡಿಯುವ ನಾಡಿನ ತರುಣರು ಕೈಲಾಸದ್ವಾರದ ದಾರಿಯ ಕಾಯಕಕ್ಕೆ ಹಿಂಜರಿಯಲಾರರೆಂದು ನಾವು ನಂಬಿದ್ದೇವೆ.