ಮೆದುಳಿನ ಗಡ್ಡೆಯು ಔಷಧಕ್ಕೆ ಮಣಿಯದಿರುವುದೇಕೆ?

ಮನೆಯಲ್ಲೊಬ್ಬರಿಗೆ ಮೆದುಳಿನ ಗಡ್ಡೆಯೆಂದು ವೈದ್ಯರು ಹೇಳಿದ ದಿನದಿಂದ ಎಲ್ಲರ ದೃಷ್ಟಿಯೂ ಔಷಧದ ಮೇಲೆಯೇ ನೆಟ್ಟಿರುವುದು. ಕೆಲವು ತಿಂಗಳು ರೋಗವು ಹಿಮ್ಮೆಟ್ಟಿದಂತೆ ತೋರುವುದು. ಬಳಿಕ ಅದೇ ಔಷಧವಿದ್ದರೂ ಗಡ್ಡೆಯು ಮತ್ತೆ ಬೆಳೆಯತೊಡಗುವುದು. ಆಗ ಪಥ್ಯ ತಪ್ಪಿತೋ, ಗುಳಿಗೆಯ ಹೊತ್ತು ಮೀರಿತೋ ಎಂದು ಮನೆಯವರು ತಮ್ಮನ್ನೇ ಹಳಿದುಕೊಳ್ಳುವುದುಂಟು. ಆದರೆ ಅದಕ್ಕೆ ಮುಖ್ಯ ಕಾರಣವಿರುವುದು ಅಡಿಗೆಮನೆಯಲ್ಲಲ್ಲ, ಗಡ್ಡೆಯ ಜೀವಕೋಶದೊಳಗೆ.

ಈ ಗಡ್ಡೆಗಳಲ್ಲಿ ಅತ್ಯಂತ ಕ್ರೂರವಾದವುಗಳಲ್ಲೊಂದು ಗ್ಲಿಯೋಬ್ಲಾಸ್ಟೋಮ. ಅದು ಸುತ್ತಲಿನ ಮೆದುಳಿನೊಳಕ್ಕೆ ನುಸುಳಿರುವುದರಿಂದ ಶಸ್ತ್ರಕ್ರಿಯೆಯಿಂದ ನಿಶ್ಶೇಷವಾಗಿ ತೆಗೆಯಲು ಬಾರದು. ಔಷಧ ಕೊಡೋಣವೆಂದರೆ ಮೆದುಳಿನ ರಕ್ತನಾಳಗಳ ಗೋಡೆಯು ಹೆಚ್ಚಿನ ಔಷಧಗಳನ್ನು ಹೊರಗೇ ತಡೆಯುವುದು. ಆ ಗೋಡೆಯನ್ನು ದಾಟಬಲ್ಲ ಕೆಲವೇ ಔಷಧಗಳಲ್ಲಿ ಟೆಮೊಜೊಲೊಮೈಡ್ ಒಂದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಮಾಲ್ಕಮ್ ಸ್ಟೀವನ್ಸರ ಬಳಗವು 1980ರ ದಶಕದಲ್ಲಿ ಇದನ್ನು ಸಿದ್ಧಪಡಿಸಿತು. 573 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಿರಣಚಿಕಿತ್ಸೆಯೊಂದನ್ನೇ ಪಡೆದವರಲ್ಲಿ ಎರಡು ವರ್ಷ ಬದುಕಿದವರು ನೂರಕ್ಕೆ 10.4, ಈ ಔಷಧವನ್ನೂ ಪಡೆದವರಲ್ಲಿ 26.5. ಲಾಭವೇನೋ ಉಂಟು, ಆದರೆ ಮುಕ್ಕಾಲುಪಾಲು ಜನರಿಗೆ ಆ ಎರಡು ವರ್ಷವೂ ದಕ್ಕಲಿಲ್ಲ.

ಈ ಔಷಧವು ಕೊಲ್ಲುವ ಬಗೆ ವಿಚಿತ್ರವಾದುದು. ಜೀವಕೋಶದ ಡಿ.ಎನ್.ಎ. ಎಂಬ ತಂತುವಿನ ಬರಹವೆಲ್ಲ ನಾಲ್ಕೇ ಅಕ್ಷರಗಳದು. ಅವುಗಳಲ್ಲೊಂದಾದ ಗ್ವಾನಿನ್ನಿಗೆ ಔಷಧವು ಮೀಥೈಲ್ ಎಂಬ ಪುಟ್ಟ ಅಂಟನ್ನು ಹಚ್ಚುವುದು. ಕೋಶವು ಇಬ್ಭಾಗವಾಗಲು ತಂತುವನ್ನು ನಕಲು ಮಾಡುವಾಗ ಆ ಎಡೆಯಲ್ಲಿ ತಪ್ಪು ಬೀಳುವುದು. ಕೋಶದ ತಿದ್ದುಗಾರರು ತಪ್ಪನ್ನು ಕತ್ತರಿಸಿ ಮತ್ತೆ ಬರೆಯುವರು. ಮೂಲದ ಅಂಟು ಹಾಗೆಯೇ ಇರುವುದರಿಂದ ಮತ್ತೆ ತಪ್ಪು, ಮತ್ತೆ ಕತ್ತರಿ. ಕಡೆಗೆ ತಂತುವೇ ತುಂಡಾಗಿ ಕೋಶವು ಸಾಯುವುದು. ತನ್ನ ಶ್ರದ್ಧೆಯಿಂದಲೇ ತಾನು ಕೆಟ್ಟಂತೆ!

ಆದರೆ ಎಂ.ಜಿ.ಎಂ.ಟಿ. ಎಂಬ ಪ್ರೋಟೀನೊಂದುಂಟು. ಅದು ಆ ಅಂಟನ್ನು ಕಿತ್ತು ತನಗೇ ಹಚ್ಚಿಕೊಂಡು ನಾಶವಾಗುವುದು. ಒಂದು ಅಣು ಒಂದೇ ಸಲ ದುಡಿಯಬಲ್ಲದು. ಇಂಥ ಅಣುಗಳು ಹೇರಳವಾಗಿರುವ ಕೋಶಕ್ಕೆ ಔಷಧವು ನಾಟುವುದು ಕಷ್ಟ. 2005ರಲ್ಲಿಯೇ 206 ರೋಗಿಗಳ ಗಡ್ಡೆಗಳನ್ನು ಶೋಧಿಸಿದಾಗ, ನೂರಕ್ಕೆ 45ರಲ್ಲಿ ಈ ಪ್ರೋಟೀನನ್ನು ತಯಾರಿಸುವ ಜೀನಿಗೆ ಬೀಗ ಬಿದ್ದಿತ್ತು. ಆ ಬೀಗವೂ ಮೀಥೈಲಿನದೇ ಎಂಬುದು ಸೋಜಿಗ. ಕಿರಣದೊಡನೆ ಔಷಧ ಪಡೆದವರ ಆಯುಸ್ಸಿನ ಮಧ್ಯಮಾನವು ಬೀಗ ಬಿದ್ದವರಲ್ಲಿ 21.7 ತಿಂಗಳು, ಬೀಳದವರಲ್ಲಿ 12.7 ತಿಂಗಳು.

ಬೀಗ ಬಿದ್ದವರಲ್ಲಿಯೂ ರೋಗವು ಮರುಕಳಿಸುವುದೇಕೆ? ಗಡ್ಡೆಯ ಕೋಶಗಳೆಲ್ಲ ಒಂದೇ ಬಗೆಯವಲ್ಲ. ಕಳೆ ಕೀಳುವಾಗ ಮೆತ್ತನೆಯವು ಬಂದು ಗರಿಕೆಯ ಬೇರು ಉಳಿಯುವಂತೆ, ಸುಲಭವಾಗಿ ಸಾಯುವವು ಸತ್ತು ಗಟ್ಟಿಯವು ಹೆಚ್ಚುವುವು. ಕೆಲವು ಕೋಶಗಳು ಆ ತಿದ್ದುಗಾರರನ್ನೇ ಕಳೆದುಕೊಳ್ಳುವುವು. ಕತ್ತರಿಸುವವರಿಲ್ಲದ್ದರಿಂದ ತಪ್ಪುಗಳನ್ನು ಹೊತ್ತುಕೊಂಡೇ ಅವು ಬದುಕುವುವು.

ಎಂ.ಜಿ.ಎಂ.ಟಿ.ಯನ್ನೇ ತಡೆಯುವ ಮದ್ದನ್ನೂ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರು. ಮೂಳೆಯ ಮಜ್ಜೆಗೂ ಅದೇ ಪ್ರೋಟೀನು ಕಾವಲಾದ್ದರಿಂದ ರಕ್ತವು ಕೆಟ್ಟು, ಟೆಮೊಜೊಲೊಮೈಡಿನ ಪ್ರಮಾಣವನ್ನೇ ಇಳಿಸಬೇಕಾಯಿತು. ಈಗ ತೆಗೆದ ಗಡ್ಡೆಯ ತುಣುಕಿನಲ್ಲಿ ಆ ಬೀಗವುಂಟೋ ಇಲ್ಲವೋ ಎಂದು ನೋಡುವ ಪರೀಕ್ಷೆಯಿದೆ. ಕಿರಣ, ಔಷಧಗಳೆರಡನ್ನೂ ತಾಳಲಾರದ ವೃದ್ಧರಿಗೆ ಯಾವುದೊಂದನ್ನು ಕೊಡಬೇಕೆಂದು ನಿಶ್ಚಯಿಸುವಾಗ ವೈದ್ಯರು ಅದರ ಫಲಿತಾಂಶವನ್ನು ನೋಡುವರು.