ಬ್ಲಫ್‌ನ ತಂತಿ ಮತ್ತು ಶೆಡ್ಡಿನ ವೆಲ್ಡಿಂಗ್ ಸಾಕೆಟ್

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿ, ಜನರು ಬ್ಲಫ್ ಎಂದು ಕರೆಯುವ ಸ್ಥಳದ ಜಲವಿದ್ಯುದಾಗಾರವು 1902ರಲ್ಲಿ ಕಾರ್ಯಾರಂಭ ಮಾಡಿದಾಗ, ಅಲ್ಲಿನ ವಿದ್ಯುತ್ತು ತಲುಪಬೇಕಾಗಿದ್ದುದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು. ತಂತಿಯಲ್ಲಿ ಶಾಖವಾಗಿ ಸೋರಿಹೋಗುವ ಶಕ್ತಿಯು ಪ್ರವಾಹದ, ಅಂದರೆ ಆಂಪಿಯರ್‌ಗಳ, ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹವು ಹತ್ತನೆಯ ಒಂದು ಪಾಲಿಗೂ ಸೋರಿಕೆಯು ನೂರನೆಯ ಒಂದು ಪಾಲಿಗೂ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್‌ಗಳ ಮೂಲಕ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳುಹಿಸಿದುದರ ಮರ್ಮ ಇದೇ.

ವೆಲ್ಡಿಂಗ್ ಯಂತ್ರ ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಲೋಹ ಕರಗಲು ಬೇಕಾದುದು ವೋಲ್ಟೇಜಲ್ಲ, ಪ್ರವಾಹ. ಆದ್ದರಿಂದ ಅದು ಮನೆಯ 230 ವೋಲ್ಟನ್ನು ಸುಮಾರು 25ಕ್ಕೆ ಇಳಿಸಿ, ರಾಡಿನ ತುದಿಗೂ ಕಬ್ಬಿಣಕ್ಕೂ ನಡುವಿನ ಕಿರಿದಾದ ಎಡೆಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಗೆ, ಅಂದರೆ ಚಾಪಕ್ಕೆ, 120 ಆಂಪಿಯರ್‌ನಷ್ಟು ಒದಗಿಸುತ್ತದೆ. ಚಾಪದ 3,000 ವ್ಯಾಟ್‌ಗೆ ಯಂತ್ರದೊಳಗಿನ ನಷ್ಟವನ್ನೂ ಅದು ಪ್ರವಾಹವನ್ನು ಎಳೆದುಕೊಳ್ಳುವ ವಕ್ರರೀತಿಯನ್ನೂ ಸೇರಿಸಿಕೊಂಡರೆ, ಸಣ್ಣ ಇನ್ವರ್ಟರ್ ಯಂತ್ರವೂ ಗೋಡೆಯಿಂದ 20 ಆಂಪಿಯರ್ ಮೀರಿ ಸೆಳೆಯಬಲ್ಲದು. ಗೀಸರಿನ 16 ಆಂಪಿಯರ್ ಸಾಕೆಟ್ಟಿಗೆ ಇದು ಸಲ್ಲದ ಭಾರ. ಪಿನ್ನಿನ ಬುಡ ಕಂದುಗಟ್ಟಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಮ್ಮುವುದು ಅದರ ದೂರು.

ಹಾಗಾಗಿ ವೆಲ್ಡಿಂಗ್ ನಡೆಯುವ ಹಿತ್ತಲಿನ ಶೆಡ್ಡಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನು, ಮಿತಿ ಮೀರಿದಾಗ ತಾನೇ ಕಡಿತಗೊಳ್ಳುವ 32 ಆಂಪಿಯರ್ ಎಂಸಿಬಿ, 6 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಗೂ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಅಗತ್ಯವಾಗುತ್ತವೆ. ನೀಲಿ ಬಣ್ಣವು 230 ವೋಲ್ಟಿನ ಸಂಕೇತವಾದರೆ, ಕೆಂಪು ತ್ರೀ ಫೇಸಿನ 415 ವೋಲ್ಟಿನದು. ಯಂತ್ರದ ಲೋಹದ ಹೊರಕವಚಕ್ಕೆ ವಿದ್ಯುತ್ತು ಹರಿದರೆ ಅದನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ತಂತಿಯನ್ನು ಖರ್ಚು ಉಳಿಸಲು ಬಿಟ್ಟುಬಿಡುವುದು ಮೂರ್ಖತನವೇ ಸರಿ. ಮಂಜೂರಾದ ಲೋಡ್ ಸಾಲದಿದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಜೋಡಣೆಯು ಪರವಾನಗಿ ಪಡೆದ ಗುತ್ತಿಗೆದಾರನ ಕೆಲಸ.

ಶೆಡ್ಡು ಬೋರ್ಡಿನಿಂದ 30 ಮೀಟರ್ ದೂರವಿದ್ದರೆ ಬ್ಲಫ್‌ನ ಸಮಸ್ಯೆಯೇ ಹಿತ್ತಲಿನಲ್ಲಿ ಮರುಕಳಿಸುತ್ತದೆ. ಹೋಗಿಬರುವ 60 ಮೀಟರ್ ತಾಮ್ರವು ಕೇವಲ 1.5 ಚದರ ಮಿಲಿಮೀಟರಿನದಾದರೆ, 22 ಆಂಪಿಯರ್ ಹರಿಯುವಾಗ ಸುಮಾರು 15 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ 330 ವ್ಯಾಟ್ ಶಾಖವಾಗುತ್ತದೆ. 6 ಚದರ ಮಿಲಿಮೀಟರಿನ ತಂತಿಯಲ್ಲಿ ಅದು ನಾಲ್ಕನೆಯ ಒಂದು ಪಾಲು ಮಾತ್ರ. ಸಣ್ಣ ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಬಿಚ್ಚದೆಯೇ ಬಳಸಿದರಂತೂ, ಶಾಖಕ್ಕೆ ಹೊರದಾರಿ ಸಿಗದೆ, ಪಿವಿಸಿ ಹೊದಿಕೆ ಮೆತ್ತಗಾಗಿ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.